ತೋಟದ ಮನೆ ನಾಯಿಗೆ ಹಾವು, ಮುಳ್ಳುಹಂದಿ, ಚಿರತೆ ಎದುರಾದರೆ

ಹಿತ್ತಲಿಗೆ ಬರುವ ಕಾಡುಪ್ರಾಣಿಗಳ ಜೊತೆ ಸಾಕುನಾಯಿ ಗುದ್ದಾಡುವುದರ ಬಗ್ಗೆ ಮಲೆನಾಡಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಪಶುವೈದ್ಯರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದ ಮಧ್ಯೆ ಇರುವ ಮನೆ. ನಾಯಿ ಕರಿಯನಿಗೆ ಹಾವು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಎರಡು ಕೇರೆ ಹಾವು ಕೊಂದಿದ್ದಾನೆ. ಮೊನ್ನೆ ಸೌದೆ ಕೊಟ್ಟಿಗೆ ಹತ್ತಿರ ಹೆಡೆ ಎತ್ತಿದ ನಾಗರಹಾವಿನ ಎದುರು ನಿಂತು ಬೊಗಳುತ್ತಿದ್ದ. ಕಚ್ಚಿದರೆ ಏನು ಮಾಡಬೇಕು? ಈ ಚಾಳಿ ಬಿಡಿಸಬಹುದಾ?

ಉತ್ತರ: ಮೊದಲು ಕಚ್ಚಿದರೆ ಏನು ಅನ್ನುವುದನ್ನು ನೋಡೋಣ. ನಾಯಿಗೆ ಹಾವು ಕಚ್ಚುವುದು ಹೆಚ್ಚಾಗಿ ಮೂತಿಗೆ, ಇಲ್ಲವೇ ಮುಂಗಾಲಿಗೆ. ಮೂಸುವುದು ಮೂತಿಯಿಂದ, ಕೆದಕುವುದು ಮುಂಗಾಲಿನಿಂದ ಅಲ್ವಾ? ನಾಗರಹಾವು ಕಚ್ಚಿದ್ದರೆ ಜೊಲ್ಲು ಸುರಿಯುತ್ತದೆ, ಹಿಂಗಾಲು ತೂರಾಡುತ್ತದೆ. ರೆಪ್ಪೆ ಇಳಿಬಿದ್ದು ನಾಯಿಗೆ ನಿದ್ದೆ ಬಂದ ಹಾಗೆ ಕಾಣುತ್ತದೆ. ಅದು ನಿದ್ದೆಯಲ್ಲ. ವಿಷ ನರಗಳನ್ನು ಹಿಡಿದಿದೆ, ಸ್ವಲ್ಪ ಹೊತ್ತಿಗೆ ಉಸಿರಾಟಕ್ಕೂ ಕಷ್ಟ ಶುರುವಾಗುತ್ತದೆ ಎಂದು ಅರ್ಥ. ಕೊಳಕುಮಂಡಲವಾದರೆ ಬೇರೆ ಥರ. ಕಚ್ಚಿದ ಕಡೆ ಮೂತಿ ಬಾತುಕೊಳ್ಳುತ್ತದೆ, ಗಾಯದಿಂದ ರಕ್ತ ಜಿನುಗುವುದು ನಿಲ್ಲುವುದಿಲ್ಲ, ಮೂತ್ರ ಕೆಂಪಾಗಬಹುದು. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಗಾಯವೇ ಕಾಣಿಸುವುದಿಲ್ಲ.

ಕುತ್ತಿಗೆ ಪಟ್ಟಿ ತಕ್ಷಣ ಬಿಚ್ಚಿ. ಬಾವು ಏರಿದರೆ ಅದೇ ಉರುಲಾಗುತ್ತದೆ. ನಾಯಿಯನ್ನು ನಡೆಸಬೇಡಿ, ಎತ್ತಿಕೊಂಡೇ ಹೋಗಿ. ಗಾಯ ಕೊಯ್ಯುವುದು, ಹಗ್ಗ ಬಿಗಿಯುವುದು, ಐಸ್ ಇಡುವುದು, ಯಾವುದೂ ಬೇಡ. ಬೇರು ತೇದು ಕುಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ. ನುಂಗುವ ಶಕ್ತಿ ಕಳೆದುಕೊಂಡ ನಾಯಿಗೆ ಏನೇ ಕುಡಿಸಿದರೂ ಶ್ವಾಸಕೋಶಕ್ಕೆ ಹೋಗುತ್ತದೆ. ನಿಮ್ಮ ನೋವಿನ ಮಾತ್ರೆಯನ್ನೂ ಕೊಡಬೇಡಿ.

ಹೊರಡುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ, ಹಾವಿನ ವಿಷಕ್ಕೆ ಚುಚ್ಚುಮದ್ದು ಇದೆಯೇ ಎಂದು ಕೇಳಿ. ಇಲ್ಲದ ಕಡೆಗೆ ಹೋಗಿ ಒಂದು ಗಂಟೆ ಕಳೆದುಕೊಳ್ಳುವುದೇ ದೊಡ್ಡ ನಷ್ಟ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಹಾವಿನ ಫೋಟೊ ದೂರದಿಂದ ಸಿಕ್ಕರೆ ಸರಿ, ಅದನ್ನು ಹುಡುಕಿ ಹೊಡೆಯಲು ಹೋಗಬೇಡಿ. ಹಾವು ಯಾವುದೆಂದು ಗೊತ್ತಾಗದಿದ್ದರೆ ನಾವು ಸ್ವಲ್ಪ ರಕ್ತ ತೆಗೆದು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಹೆಪ್ಪುಗಟ್ಟದೆ ನೀರಾಗಿಯೇ ಉಳಿದರೆ ಮಂಡಲದ ಕಡೆಗೇ ಅನುಮಾನ.

ನಮ್ಮಲ್ಲಿ ಸಿಗುವ ಚುಚ್ಚುಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ತೋಟದ ತರಗೆಲೆಯಲ್ಲಿ ಮಲಗುವ, ಮೂಗಿನ ತುದಿ ಮೇಲಕ್ಕೆತ್ತಿದ ಸಣ್ಣ ಹಂಪ್‌ನೋಸ್ಡ್ ಪಿಟ್ ವೈಪರ್‌ಗೆ ಅದು ನಾಟುವುದಿಲ್ಲ. ಆಗ ಡ್ರಿಪ್, ನೋವಿಗೆ ಮದ್ದು, ಮೂತ್ರಪಿಂಡದ ಮೇಲೆ ನಿಗಾ, ಇಷ್ಟೇ ದಾರಿ. ಇನ್ನೊಂದು ಮಾತು. ನಾಯಿ ಚಿಕ್ಕದು, ಅರ್ಧ ಡೋಸ್ ಸಾಕು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾವು ಬಿಟ್ಟ ವಿಷ ಅಷ್ಟೇ ಇರುತ್ತದೆ, ಅದು ಸೇರಿದ ಮೈ ಮಾತ್ರ ಸಣ್ಣದು.

ಇನ್ನು ಚಾಳಿ. ಪೂರ್ತಿ ಬಿಡಿಸುವುದು ಕಷ್ಟ, ಕಡಿಮೆ ಮಾಡಬಹುದು. ಕೇರೆ ಹಾವು ಕೊಂದಾಗ ಮನೆಯವರೆಲ್ಲ ‘ಭಲೇ’ ಎಂದು ಬೆನ್ನು ತಟ್ಟಿರುತ್ತೀರಿ. ಅದನ್ನು ನಿಲ್ಲಿಸಿ. ಇಲಿ ತಿಂದು ತೋಟ ಕಾಯುವ ಕೇರೆ ಹಾವು ಸತ್ತರೆ ನಷ್ಟ ನಿಮಗೇ. ಕರೆದ ತಕ್ಷಣ ಬಂದರೆ ಒಂದು ತುಂಡು ಮೊಟ್ಟೆ, ಹೀಗೆ ಉದ್ದ ಹಗ್ಗ ಕಟ್ಟಿ ದಿನಾ ಅಭ್ಯಾಸ ಮಾಡಿಸಿ. ರಾತ್ರಿ ನಾಯಿಯ ಅನ್ನದ ತಟ್ಟೆ ಹೊರಗೆ ಬಿಡಬೇಡಿ. ಅನ್ನಕ್ಕೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಸೌದೆ ರಾಶಿಯನ್ನು ನಾಯಿ ಮಲಗುವ ಜಾಗದಿಂದ ದೂರ ಮಾಡಿ.

ಪ್ರಶ್ನೆ: ರಾತ್ರಿ ಅಡಿಕೆ ಸಸಿ ತಿನ್ನಲು ಬಂದ ಮುಳ್ಳುಹಂದಿಯನ್ನು ನಮ್ಮ ನಾಯಿ ಅಟ್ಟಿಸಿಕೊಂಡು ಹೋಗಿ ಮುಖದ ತುಂಬಾ ಮುಳ್ಳು ಚುಚ್ಚಿಸಿಕೊಂಡು ಬಂತು. ನಾವೇ ಕಿತ್ತೆವು. ಎರಡು ಮುಳ್ಳು ಒಳಗೇ ಮುರಿದವು. ಮುಂದೇನು? — ಸಿದ್ದಾಪುರ

ಉತ್ತರ: ಇವತ್ತೇ ಪಶುವೈದ್ಯರಿಗೆ ತೋರಿಸಿ. ಉಳಿದ ತುಂಡಿನ ಸುತ್ತ ಕೀವು ಕಟ್ಟುತ್ತದೆ. ಕಣ್ಣಿನ ಹತ್ತಿರ, ಗಂಟಲಲ್ಲಿ, ಎದೆಯಲ್ಲಿ ಇದ್ದರಂತೂ ಕಾಯುವ ಹಾಗೇ ಇಲ್ಲ.

ಮುಳ್ಳುಹಂದಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಮುಳ್ಳು ನಿಮಿರಿಸಿ, ಗಲಗಲ ಸದ್ದು ಮಾಡಿ, ಆಮೇಲೂ ನಾಯಿ ಬಿಡದಿದ್ದರೆ ಹಿಂದಕ್ಕೆ ರಭಸದಿಂದ ನುಗ್ಗುತ್ತದೆ. ಅದಕ್ಕೇ ಮುಳ್ಳು ಅಷ್ಟು ಆಳಕ್ಕೆ ಇಳಿಯುವುದು. ಅಮೆರಿಕದ ಮುಳ್ಳುಹಂದಿಯ ಮುಳ್ಳಿನ ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ, ನಮ್ಮದಕ್ಕೆ ಇಲ್ಲ. ಆದರೂ ಮನೆಯಲ್ಲಿ ಕೀಳುವುದು ಬೇಡ. ನೋವಿಗೆ ನಾಯಿ ತಲೆ ಕೊಡವುತ್ತದೆ, ಮುಳ್ಳು ಮುರಿಯುವುದು ಆಗಲೇ. ಮುಂಗಾಲಿನಿಂದ ಮುಖ ಉಜ್ಜಿ ಇನ್ನಷ್ಟು ಒಳಗೆ ತಳ್ಳಿಕೊಳ್ಳುತ್ತದೆ. ಕಾಲು ಹಿಡಿದುಕೊಂಡು ಕರೆತನ್ನಿ. ನಾವು ಮಂಪರು ಕೊಟ್ಟು ತೆಗೆದು, ಬಾಯಿಯ ಒಳಗೂ ನಾಲಿಗೆಯ ಕೆಳಗೂ ನೋಡುತ್ತೇವೆ. ಅಲ್ಲೇ ಒಂದೆರಡು ಉಳಿದಿರುವುದು ಜಾಸ್ತಿ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಎಸ್ಟೇಟಿನಲ್ಲಿ ಕುರ್ಕ (ಚಿರತೆ) ಎರಡು ನಾಯಿ ಹೊತ್ತೊಯ್ದಿದೆ. ಈಗಿರುವ ನಾಯಿಯನ್ನು ರಾತ್ರಿ ಬಿಡಬೇಕಾ, ಕಟ್ಟಬೇಕಾ?

ಉತ್ತರ: ಎರಡೂ ಬೇಡ. ಒಳಗೆ ಮಲಗಿಸಿ. ಹೊರಗೆ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಓಡಲು ದಾರಿಯೂ ಇಲ್ಲ. ಅದಕ್ಕಿಂತ ಕ್ರೂರವಾದ ಏರ್ಪಾಡು ನನಗೆ ಬೇರೆ ಕಾಣುವುದಿಲ್ಲ. ‘ಕಾವಲಿಗೆ ತಾನೇ ನಾಯಿ ಸಾಕುವುದು’ ಎನ್ನುತ್ತೀರಿ. ಜಗುಲಿಯ ಬಾಗಿಲ ಒಳಗಿದ್ದರೂ ನಾಯಿ ಬೊಗಳುತ್ತದೆ, ನಿಮಗೆ ಎಚ್ಚರವೂ ಆಗುತ್ತದೆ.

ಚಿರತೆಗೆ ನಾಯಿ ಸಿಕ್ಕಾಗ ಮಾತ್ರ ತಿನ್ನುವ ಊಟವಲ್ಲ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಗದ್ದೆಗಳ ಸೀಮೆಯಲ್ಲಿ ಚಿರತೆ ಹಿಕ್ಕೆ ಪರೀಕ್ಷಿಸಿದಾಗ, ಅದರ ಆಹಾರದಲ್ಲಿ ತೂಕದ ಲೆಕ್ಕದಲ್ಲಿ 39% ನಾಯಿಯೇ ಇತ್ತು. ಒಳಗೆ ಜಾಗವೇ ಇಲ್ಲದಿದ್ದರೆ ಗಟ್ಟಿ ಜಾಲರಿಯ ಗೂಡು ಮಾಡಿಸಿ. ಮೇಲೂ ಮುಚ್ಚಿರಬೇಕು, ಚಿರತೆ ಹತ್ತುತ್ತದೆ. ಹಿಮಾಲಯದ ಕುರಿಗಾಹಿಗಳು ನಾಯಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಚಿರತೆ ಬಾಯಿ ಹಾಕುವುದು ಕುತ್ತಿಗೆಗೇ ಆದ್ದರಿಂದ ಸಂಜೆ ಹೊತ್ತು ತೋಟಕ್ಕೆ ಜೊತೆಗೆ ಬರುವ ನಾಯಿಗೆ ಅದು ಒಳ್ಳೆಯದು. ಅದನ್ನು ನಂಬಿ ರಾತ್ರಿ ಬಿಡುವುದಲ್ಲ. ಉರುಳು, ವಿಷ ಇಡುವ ಯೋಚನೆ ಬಂದಿದ್ದರೆ ಕೈಬಿಡಿ. ಅಪರಾಧ ಎಂಬುದು ಒಂದು ಕಡೆ, ಆ ಉರುಳಿಗೆ ಮೊದಲು ಬೀಳುವುದು ಪಕ್ಕದ ಮನೆಯ ನಾಯಿಯೇ ಆಗಿರಬಹುದು.

ಪ್ರಶ್ನೆ: ನಮ್ಮ ನಾಯಿ ಉಡ, ಮೊಲ ಹಿಡಿದು ತರುತ್ತದೆ. ಮುಂಗುಸಿ ಜೊತೆಗೂ ಜಗಳ. ಅದರ ಸ್ವಭಾವ ಅಲ್ವಾ, ಬಿಡಬಹುದಾ? — ಕೊಪ್ಪ

ಉತ್ತರ: ಸ್ವಭಾವ ನಾಯಿಯದು, ಜವಾಬ್ದಾರಿ ನಿಮ್ಮದು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಇದು ಒಂದು ಮಾತು. ನನಗೆ ಹೆಚ್ಚು ಚಿಂತೆ ಇರುವುದು ರೋಗದ ಬಗ್ಗೆ. ಡಿಸ್ಟೆಂಪರ್ ವೈರಸ್ ನಾಯಿಗೂ ಬರುತ್ತದೆ, ಕಾಡಿನ ಮಾಂಸಾಹಾರಿಗಳಿಗೂ ಬರುತ್ತದೆ. 2018ರಲ್ಲಿ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಹಲವು ಸಿಂಹಗಳಲ್ಲಿ ಸಿಕ್ಕಿದ್ದು ಇದೇ ವೈರಸ್. ಕಾಡಂಚಿನ ಪ್ರತಿ ನಾಯಿಗೂ ಡಿಸ್ಟೆಂಪರ್ ಲಸಿಕೆ ಹಾಕಿಸಿ.

ಮುಂಗುಸಿ, ನರಿ ಕಚ್ಚಿದ್ದರೆ ರೇಬೀಸ್ ಭಯವೂ ಇದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಕೈಗೆ ಗ್ಲೌಸ್ ಇರಲಿ. ನಾಯಿಗೆ ಈ ವರ್ಷದ ರೇಬೀಸ್ ಲಸಿಕೆ ಆಗಿದ್ದರೂ ಮತ್ತೆ ಹಾಕಿಸಬೇಕು.

ಪ್ರಶ್ನೆ: ಮಂಗನ ಕಾಯಿಲೆ ನಾಯಿಯಿಂದ ಬರುತ್ತದಾ? ಬೇಸಿಗೆಯಲ್ಲಿ ನಮ್ಮ ನಾಯಿ ಮೈತುಂಬಾ ಉಣ್ಣೆ. — ಸಾಗರ

ಉತ್ತರ: ನಾಯಿಯಿಂದ ನೇರವಾಗಿ ಬರುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಹರಡುವುದು ಉಣ್ಣೆ ಕಚ್ಚಿ. ಆದರೆ ಕಾಡಿಗೆ ಹೋಗಿ ಬಂದ ನಾಯಿ ಮೈಗೆ ಅಂಟಿಸಿಕೊಂಡ ಉಣ್ಣೆಯನ್ನು ನಿಮ್ಮ ಜಗುಲಿಗೆ ತಂದು ಬಿಡಬಹುದು. ಅದಕ್ಕೇ ಡಿಸೆಂಬರಿನಿಂದ ಮೇ ತನಕ ನಾಯಿಯನ್ನು ಕಾಡಿಗೆ, ದರಕು (ಒಣ ಎಲೆ) ತರಲು ಜೊತೆಗೆ ಕರೆದುಕೊಂಡು ಹೋಗಬೇಡಿ. ಉಣ್ಣೆಗೆ ಮಾತ್ರೆಗಳಿವೆ, ತಿಂಗಳಿಗೊಮ್ಮೆ ಕೊಡುವುದೂ ಇದೆ, ಮೂರು ತಿಂಗಳಿಗೊಮ್ಮೆ ಕೊಡುವುದೂ ಇದೆ. ನಾಯಿಯ ತೂಕ ನೋಡಿ ವೈದ್ಯರು ಬರೆದುಕೊಡುತ್ತಾರೆ. ಸೀಮೆಎಣ್ಣೆ ಸವರಬೇಡಿ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹುಡುಕುವುದು ಮರೆಯಬೇಡಿ.

ತೋಟದಲ್ಲಿ ಸತ್ತ ಮಂಗ ಕಂಡರೆ ನಾಯಿಯನ್ನು ಕಟ್ಟಿ, ನೀವೂ ಹತ್ತಿರ ಹೋಗದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವತ್ತೇ ತಿಳಿಸಿ.