ವಿಕಾಸವಾದ ಓದಿದ ಮೇಲೆ ಚರ್ಚಿಗೆ ಹೋಗಲು ಮುಜುಗರ. ವಿಜ್ಞಾನ, ವಿಶ್ವಾಸ ಎರಡರಲ್ಲಿ ಯಾವುದನ್ನು ಬಿಡಲಿ?

ಯಾವುದನ್ನೂ ಬಿಡಬೇಡಿ. ಎರಡನ್ನೂ ಒಂದೇ ಚಾರ್ಟಿಗೆ ಅಂಟಿಸಲು ಮಾತ್ರ ಹೋಗಬೇಡಿ. ನಾನು ಅಂಟಿಸಿದ್ದೆ, ನಿಜವಾಗಿಯೂ ಗೋಂದು ಹಾಕಿ.

ನಾನು ಮಂಗಳೂರಿನವನು. ಬಾಸೆಲ್ ಮಿಶನ್ ಕಾಲದಿಂದ ನಮ್ಮದು ಪ್ರೊಟೆಸ್ಟೆಂಟ್ ಮನೆತನ. ವಾರವಿಡೀ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಭಾನುವಾರ ಸಂಡೇ ಸ್ಕೂಲಿನ ಮೇಷ್ಟ್ರು. ಕೆಲವು ಮಕ್ಕಳು ಎರಡೂ ಕಡೆ ಇರುತ್ತಿದ್ದರು. ಅದೇ ನನಗೆ ಮುಳುವಾಯಿತು.

ದೇವರು ಆರು ದಿನದಲ್ಲಿ ಲೋಕವನ್ನು ಸೃಷ್ಟಿಸಿದ ಕಥೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿದೆ. ಒಂದು ವರ್ಷ ಆ ಆರು ದಿನಗಳಿಗೆ ದೊಡ್ಡ ಚಾರ್ಟ್ ಮಾಡಿದೆ. ಎಡಕ್ಕೆ ಬೈಬಲ್, ಬಲಕ್ಕೆ ವಿಜ್ಞಾನ. ಮೊದಲ ದಿನದ ಬೆಳಕಿನ ಎದುರು ಬಿಗ್ ಬ್ಯಾಂಗ್. ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ದಿನ ಅಂದರೆ ಕೋಟ್ಯಂತರ ವರ್ಷ'. ಸಭೆಯ ಹಿರಿಯರು ಬೆನ್ನು ತಟ್ಟಿದರು.

ಅಕ್ಕನ ಮಗಳು ಆಗ ಎಂಟನೇ ಕ್ಲಾಸು. ಕೈ ಎತ್ತಿದಳು. "ಮಾಮ, ಗಿಡ ಮೂರನೇ ದಿನ, ಸೂರ್ಯ ನಾಲ್ಕನೇ ದಿನ. ನೀವೇ ಮೊನ್ನೆ ದ್ಯುತಿಸಂಶ್ಲೇಷಣೆ ಪಾಠ ಮಾಡಿದ್ರಲ್ಲ?"

ಮೊದಲ ದಿನದ ಬೆಳಕು ಇತ್ತಲ್ಲ, ಅದೇ ಸಾಕಾಯಿತು ಅಂದೆ. "ಕೋಟ್ಯಂತರ ವರ್ಷಕ್ಕಾ?" ಅಂದಳು. ಆಮೇಲೆ ಹಕ್ಕಿಗೆ ಬಂದಳು. ಚಾರ್ಟಿನಲ್ಲಿ ಹಕ್ಕಿ ಐದನೇ ದಿನ, ನೆಲದ ಪ್ರಾಣಿ ಆರನೇ ದಿನ. ಪಳೆಯುಳಿಕೆಗಳಲ್ಲಿ ನೋಡಿದರೆ ನೆಲದ ಪ್ರಾಣಿಗಳೇ ಮೊದಲು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಜಾಸ್ತಿ ಮಾತು ಬೇಡ, ಕೂತ್ಕೋ" ಅಂದುಬಿಟ್ಟೆ.

ಮುಂದಿನ ಭಾನುವಾರದಿಂದ ಅವಳು ಬರಲಿಲ್ಲ.

ಗದರಿದ್ದೇ ತಪ್ಪು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಅಲ್ಲ, ಚಾರ್ಟೇ ತಪ್ಪು. ಬಲಗಡೆಯ ಸಾಲನ್ನು ಎಡಗಡೆಯದಕ್ಕೆ ಸಾಕ್ಷಿಯಾಗಿ ಕರೆದವನು ನಾನು. ಸಾಕ್ಷಿ ಒಂದು ಕಡೆ ಉಲ್ಟಾ ಹೊಡೆದರೆ ಕೇಸೇ ಬಿದ್ದುಹೋಗುತ್ತದೆ, ಅಲ್ವಾ? ಅವಳಿಗೆ ಆಗಿದ್ದು ಅದೇ. ಅವಳು ಕೇಳದೆ ಸುಮ್ಮನಿದ್ದಿದ್ದರೂ ಚಾರ್ಟ್ ಇನ್ನೊಂದು ದಿನ ಬೀಳುತ್ತಿತ್ತು. ಇನ್ನೂ ಜಾಣತನದ ಉತ್ತರ ನನ್ನ ಹತ್ತಿರ ಇದ್ದಿದ್ದರೆ ಬೀಳುವುದು ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ.

ಲೆಮೈತ್ರ್ ಬಗ್ಗೆ ಓದಿದ ಮೇಲೆ ನಾಚಿಕೆಯೇ ಆಯಿತು. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದವರು. ಬಿಗ್ ಬ್ಯಾಂಗ್‌ನ ಮೂಲ ಕಲ್ಪನೆ ಅವರದೇ. 1951ರಲ್ಲಿ ಪೋಪ್ 12ನೇ ಪಿಯಸ್ ಭಾಷಣ ಮಾಡುತ್ತಾ, ಈ ವಿಜ್ಞಾನ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಅನ್ನುವ ಧಾಟಿಯಲ್ಲಿ ಮಾತಾಡಿದರು. ಬೇರೆ ಪಾದ್ರಿಯಾಗಿದ್ದರೆ ಕುಣಿದಾಡುತ್ತಿದ್ದರು. ಲೆಮೈತ್ರ್‌ಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ದೇವರ ಪ್ರಶ್ನೆಯ ಹೊರಗಿನದು, ನಂಬುವವರಿಗೂ ನಂಬದವರಿಗೂ ಅದು ಒಂದೇ ಅನ್ನುವುದು ಅವರ ನಿಲುವು. ನನ್ನ ಚಾರ್ಟ್ ಕಂಡಿದ್ದರೆ ಅವರೇ ಮೊದಲು ಹರಿಯುತ್ತಿದ್ದರು.

ಸೂರ್ಯನಿಲ್ಲದ ದಿನಗಳ ಪ್ರಶ್ನೆಯೂ ಹೊಸದಲ್ಲ. ಸುಮಾರು 1,600 ವರ್ಷದ ಹಿಂದೆ ಸಂತ ಅಗಸ್ಟೀನ್ ಇದೇ ಜಾಗದಲ್ಲಿ ತಲೆ ಕೆರೆದುಕೊಂಡಿದ್ದರು. ಅವು ಮಾಮೂಲಿ ದಿನಗಳಲ್ಲ ಅಂದರು. ಡಾರ್ವಿನ್‌ಗೆ ಹೆದರಿ ಹೇಳಿದ ಮಾತಲ್ಲ ಅದು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಆದಿಕಾಂಡ ವಿಜ್ಞಾನದ ಪಾಠ ಅಂತ ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ. ನನ್ನಂಥ ಮೇಷ್ಟ್ರೇ ಇರಬೇಕು. ಬಿಡುವುದಿದ್ದರೆ ಅದನ್ನು ಬಿಡಿ. ಮೊಬೈಲಿನಲ್ಲಿ ಬರುವ 'ಬೈಬಲ್ ಸತ್ಯ ಎಂದ ವಿಜ್ಞಾನಿಗಳು' ವಿಡಿಯೋಗಳನ್ನೂ ಬಿಡಿ. ತಳಿವಿಜ್ಞಾನಕ್ಕೆ ಅಡಿಪಾಯ ಹಾಕಿದ ಸನ್ಯಾಸಿ ಮೆಂಡೆಲ್ ತಮ್ಮ ಮಠದ ತೋಟದಲ್ಲಿ ಬಟಾಣಿ ಬೆಳೆದರೆ ಬೈಬಲ್ ಸಾಬೀತಾಗುವುದಿಲ್ಲ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದದ್ದಕ್ಕೆ 1633ರಲ್ಲಿ ಚರ್ಚು ಗೆಲಿಲಿಯೋಗೆ ಶಿಕ್ಷೆ ಕೊಟ್ಟಿದ್ದರಿಂದ ದೇವರಿಲ್ಲ ಅಂತಲೂ ಆಗುವುದಿಲ್ಲ. ವಿಕಾಸವಾದವನ್ನು ಸರಿಯಾಗಿ ಓದಿ, ಪರೀಕ್ಷೆಯಲ್ಲಿ ಪೂರ್ತಿ ಉತ್ತರ ಬರೆಯಿರಿ. ಚರ್ಚಿಗೆ ಹೋಗಬೇಕು ಅನ್ನಿಸಿದರೆ ಹೋಗಿ, ಪಾಸ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ. ಗದರಿದರೆ ಅದು ಅವರ ಭಯ. ನನಗೆ ಆ ಭಯ ಚೆನ್ನಾಗಿ ಗೊತ್ತು.

ಅಕ್ಕನ ಮಗಳು ಈಗ ಬೆಂಗಳೂರಿನ ಲ್ಯಾಬ್ ಒಂದರಲ್ಲಿದ್ದಾಳೆ. ಕ್ರಿಸ್‌ಮಸ್‌ಗೆ ಬರುತ್ತಾಳೆ, ಕುಸ್ವಾರ್ ತಿನ್ನುತ್ತಾಳೆ, ಆರಾಧನೆಗೆ ಬರುವುದಿಲ್ಲ. ಹೋದ ವರ್ಷ ಇದೆಲ್ಲ ಅವಳಿಗೆ ಹೇಳಿ ತಪ್ಪಾಯ್ತು ಅಂದೆ. "ಆ ಚಾರ್ಟ್ ಇನ್ನೂ ಇದೆಯಾ ಮಾಮ?" ಅಂತ ಕೇಳಿದಳು. ಕಪಾಟಿನ ಹಿಂದೆ ಇತ್ತು. ತೆಗೆದುಕೊಟ್ಟೆ. ಸುರುಳಿ ಸುತ್ತಿ ಬೆಂಗಳೂರಿಗೆ ತಗೊಂಡು ಹೋದಳು. ಯಾಕೆ ಅಂತ ನಾನು ಕೇಳಲಿಲ್ಲ.