ಔಟ್‌ವಿಟ್ ಎಂದರೆ ಮೋಸವೇ?

ಪ್ರಶ್ನೆ: ಇಂಗ್ಲಿಷಿನ ‘ಔಟ್‌ವಿಟ್’ ಕ್ರಿಯಾಪದವನ್ನು ‘ಮೋಸಮಾಡು’ ಎಂದು ಅನುವಾದಿಸಬಹುದೇ? ‘ವಿಟ್’ ಎಂದರೆ ಹಾಸ್ಯಪ್ರಜ್ಞೆಯಲ್ಲವೇ? ‘ಔಟ್‌ಸ್ಮಾರ್ಟ್’ ಇದರಿಂದ ಬೇರೆಯೇ?

ಉತ್ತರ: ‘ವಿಟ್’ ಪದಕ್ಕೆ ಹಾಸ್ಯದ ನಂಟು ಅಂಟಿಕೊಂಡದ್ದು ಆಮೇಲೆ, ಅದರ ಮೂಲ ಅರ್ಥ ಬುದ್ಧಿ, ಅರಿವು. ನಮ್ಮ ‘ವಿದ್ಯೆ’, ‘ವೇದ’ಗಳಿಗೆ ಮೂಲವಾದ ಸಂಸ್ಕೃತದ ‘ವಿದ್’ ಧಾತು ಇದಕ್ಕೆ ದೂರದ ದಾಯಾದಿ. ಮುಂದೆ ಸೇರಿರುವ ‘ಔಟ್’ ಇಲ್ಲಿ ‘ಹೊರಗೆ’ ಎಂಬುದನ್ನಲ್ಲ, ‘ಮೀರಿಸು’ ಎಂಬುದನ್ನು ಸೂಚಿಸುತ್ತದೆ: ಓಟದಲ್ಲಿ ಒಬ್ಬರನ್ನು ಹಿಂದೆ ಹಾಕಿದರೆ ‘ಔಟ್‌ರನ್’, ಬುದ್ಧಿಯಲ್ಲಿ ಹಿಂದೆ ಹಾಕಿದರೆ ‘ಔಟ್‌ವಿಟ್’.

ಮೋಸಹೋದವನು ಸುಮ್ಮನೆ ನಂಬಿ ಕುಳಿತಿದ್ದವನೂ ಆಗಿರಬಹುದು. ಔಟ್‌ವಿಟ್ ಆಗಬೇಕಾದರೆ ಸಾಮಾನ್ಯವಾಗಿ ಎದುರಿನವನೂ ತನ್ನ ಲೆಕ್ಕಾಚಾರದಲ್ಲಿ ತೊಡಗಿರಬೇಕು. ಚದುರಂಗದಲ್ಲಿ ಒಬ್ಬಳು ತನ್ನ ರಾಣಿಯನ್ನು ಬೇಕೆಂದೇ ಬಿಟ್ಟುಕೊಟ್ಟು, ಎದುರಾಳಿ ಅದನ್ನು ಹೊಡೆದ ಮರುನಡೆಯಲ್ಲೇ ಕುದುರೆಯಿಂದ ರಾಜನಿಗೆ ಚೆಕ್‌ಮೇಟ್ ಕೊಟ್ಟಳೆನ್ನಿ. ನಿಯಮವೊಂದೂ ಮುರಿಯದ ಆ ಆಟದಲ್ಲಿ ಮೋಸವೆಲ್ಲಿದೆ? ಆದರೆ ‘ಶೀ ಔಟ್‌ವಿಟೆಡ್ ಹಿಮ್’ ಎನ್ನಲು ಅಡ್ಡಿಯಿಲ್ಲ. ತಂತ್ರದಲ್ಲಿ ವಂಚನೆ ಇರಲೂಬಹುದು, ಆದರೆ ಪದದ ಒತ್ತು ಇರುವುದು ಜಾಣತನದ ಮೇಲೆ. ಆದ್ದರಿಂದ ‘ಮೋಸಮಾಡು’ ಎಂಬ ಅನುವಾದ ನನಗಂತೂ ಒಪ್ಪಿಗೆಯಿಲ್ಲ.

ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರ ಬರುವುದು ‘ಅವನು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರುತ್ತಾನೆ’ ಎಂಬ ಮಾತು. ಇಬ್ಬರೂ ಚಾಲಾಕಿಗಳೇ, ಒಬ್ಬನದು ಒಂದು ಕೈ ಮೇಲು. ಗಾದೆಯನ್ನು ಎಲ್ಲ ವಾಕ್ಯಕ್ಕೂ ತುರುಕಲಾಗದು ನಿಜ. ಸಾಮಾನ್ಯ ಬರಹದಲ್ಲಿ ‘ಬುದ್ಧಿವಂತಿಕೆಯಿಂದ ಮಣಿಸು’ ಅಥವಾ ‘ಜಾಣತನದಲ್ಲಿ ಮೀರಿಸು’ ಎಂದರೆ ಸಾಕು. ಬೆನ್ನಟ್ಟಿದವರ ಕಣ್ತಪ್ಪಿಸಿ ಪಾರಾದ ಸಂದರ್ಭವಾದರೆ ಪತ್ರಿಕೆಗಳ ಅಚ್ಚುಮೆಚ್ಚಿನ ‘ಚಳ್ಳೆಹಣ್ಣು ತಿನ್ನಿಸು’ ಚೆನ್ನಾಗಿಯೇ ಹೊಂದುತ್ತದೆ.

‘ಔಟ್‌ಸ್ಮಾರ್ಟ್’ ಅರ್ಥದಲ್ಲಿ ಹೆಚ್ಚುಕಡಿಮೆ ಇದೇ. ‘ಔಟ್‌ವಿಟ್’ 17ನೆಯ ಶತಮಾನದಿಂದ ಬಳಕೆಯಲ್ಲಿದ್ದರೆ, ಇದು 20ನೆಯ ಶತಮಾನದಲ್ಲಿ ಅಮೆರಿಕದ ಇಂಗ್ಲಿಷಿನಿಂದ ಬಂದದ್ದು. ಹಾಗಾಗಿ ಆಡುಮಾತಿನ ಸಲುಗೆ ಇದಕ್ಕೆ ತುಸು ಹೆಚ್ಚು.

ಬಳಸುವಾಗ ಎರಡು ಎಚ್ಚರಿಕೆ ಬೇಕು. ಸೋತವರ ಹೆಸರು ಕ್ರಿಯಾಪದಕ್ಕೆ ನೇರವಾಗಿ ಕರ್ಮವಾಗಿ ಬರುತ್ತದೆ, ನಡುವೆ ‘ವಿತ್’ ಆಗಲಿ ‘ಟು’ ಆಗಲಿ ಬೇಡ. ಭೂತಕಾಲದ ‘ಔಟ್‌ವಿಟೆಡ್’ ಬರೆಯುವಾಗ ಕೊನೆಯ ‘ಟಿ’ ಅಕ್ಷರ ಎರಡಾಗಬೇಕು.