ಹೆಲ್ತ್ ಪೌಡರ್ ಹುಡುಕುವ ಮೊದಲು ಬಾಟಲಿ ಎಣಿಸಿ

ಮೇಡಂ, ನಿಮ್ಮ ಪೋಸ್ಟ್ ನೋಡಿ ಅಂಗಡಿ ಶಟರ್ ಅರ್ಧ ಎಳೆದು ಬರೆಯಲು ಕೂತಿದ್ದೇನೆ. ಮಗನಿಗೆ ಹದಿನೈದು ತಿಂಗಳು, ದಿನಕ್ಕೆ ಆರು ಬಾಟಲಿ ಹಾಲು, ಅನ್ನ ಕಂಡರೆ ಬಾಯಿ ಬಿಗಿ ಹಿಡಿಯುತ್ತಾನೆ, ಹಾಲಿಗೆ ಯಾವ ಪೌಡರ್ ಹಾಕಲಿ, ಇನ್ನೂ ನಡೆದಿಲ್ಲ, ಯಾವ ವಾಕರ್ ತಗೊಳ್ಳಲಿ ಅಂತ ಕೇಳಿದ್ದೀರಿ. ಕೆಳಗೆ ನಲವತ್ತು ಜನ ನಲವತ್ತು ಡಬ್ಬದ ಹೆಸರು ಹೇಳಿದ್ದಾರೆ. ಆ ಆರು ಬಾಟಲಿ ಬಗ್ಗೆ ಒಬ್ಬರೂ ಕೇಳಿಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಇನ್ನೊಂದು ಗುಂಪಿನಲ್ಲಿ ಹಾಕಿದ್ದೆ. ಇವೇ ಉತ್ತರ ಬಂದಿದ್ದವು. ಅದರಲ್ಲಿ ಒಂದು ಡಬ್ಬ ಕೊಂಡೂ ತಂದೆ. ಹಾಗಾಗಿ ಮಾತು ಸ್ವಲ್ಪ ಬಿರುಸಾದರೆ ಬೇಜಾರು ಮಾಡ್ಕೋಬೇಡಿ.

ಗಂಡಸಿಗೇನು ಗೊತ್ತು ಅನ್ನುವವರಿಗೆ ಒಂದು ಮಾತು. ನನ್ನ ಹೆಂಡತಿಗೆ ಬೇರೆ ಊರಿನಲ್ಲಿ ಕೆಲಸ, ಬೆಳಿಗ್ಗೆ ಏಳಕ್ಕೆ ಬಸ್ಸು. ನನ್ನದು ತಿಪಟೂರಿನಲ್ಲಿ ಮನೆ ಕೆಳಗೇ ಜೆರಾಕ್ಸ್ ಅಂಗಡಿ. ಮಗಳು ಒಂಬತ್ತು ತಿಂಗಳಿಂದ ಮೂರು ವರ್ಷದವರೆಗೆ ಬೆಳೆದದ್ದು ಆ ಅಂಗಡಿಯಲ್ಲೇ. ಗಿರಾಕಿ ಬಂದಾಗ ಅತ್ತರೆ ಬಾಟಲಿ. ಕರೆಂಟ್ ಹೋಗಿ ಮೆಷಿನ್ ನಿಂತಾಗ ಅತ್ತರೂ ಬಾಟಲಿ. ಅರ್ಧ ಲೀಟರಿನ ಎರಡು ನಂದಿನಿ ಪ್ಯಾಕೆಟ್ ಮುಗಿದು ಸಂಜೆಗೆ ಮೂರನೆಯದಕ್ಕೆ ಕತ್ತರಿ ಹಾಕುತ್ತಿದ್ದೆ. ಊಟ ಬೇಡ ಅಂದರೆ ನಾನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಹಾಲು ಹೋಗಿದೆಯಲ್ಲ ಅಂತ.

ಅವಳು ನೋಡಲು ಗುಂಡಗಿದ್ದಳು, ಬೆಳ್ಳಗಿದ್ದಳು. ಬಂದವರೆಲ್ಲ "ಏನ್ ಬಣ್ಣ ಬಂದಿದೆ ಮಗೂಗೆ" ಅನ್ನುತ್ತಿದ್ದರು. ನಾವಿಬ್ಬರೂ ಕಪ್ಪು, ಬಣ್ಣ ಎಲ್ಲಿಂದ ಬರಬೇಕು? ರಕ್ತ ಇರಲಿಲ್ಲ, ಅಷ್ಟೇ. ಇನ್ನೊಂದು, ಪೇಪರ್ ತಿನ್ನುತ್ತಿದ್ದಳು. ಮೆಷಿನ್ ಪಕ್ಕ ಬಿದ್ದ ಹಾಳೆ ಚೂರು ಮಾಡಿ ಬಾಯಿಗೆ ಹಾಕಿಕೊಂಡು ಗಂಟೆಗಟ್ಟಲೆ ಅಗಿಯುತ್ತಿದ್ದಳು. ಗೋಡೆಯ ಸುಣ್ಣವನ್ನೂ ಕೆರೆದು ನೆಕ್ಕುತ್ತಿದ್ದಳು. ನಾವು "ದೊಡ್ಡವಳಾದ ಮೇಲೆ ವಕೀಲೆ ಆಗ್ತಾಳೆ" ಅಂತ ನಗುತ್ತಿದ್ದೆವು. ವಿಡಿಯೋ ಮಾಡಿ ಸ್ಟೇಟಸ್‌ಗೂ ಹಾಕಿದ್ದೆ. ಅದೂ ಕಬ್ಬಿಣದ ಕೊರತೆಯ ಲಕ್ಷಣ ಅಂತ ಆಗ ಗೊತ್ತಿರಲಿಲ್ಲ. ಆ ವಿಡಿಯೋ ಇನ್ನೂ ಫೋನಿನಲ್ಲಿದೆ, ನೋಡುವುದಕ್ಕೆ ಮನಸ್ಸಾಗಲ್ಲ.

ಜ್ವರ ಅಂತ ಹೋದಾಗ ಮಕ್ಕಳ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅಂಗೈ ನೋಡಿದರು. ಕೇಳಿದ ಮೊದಲ ಪ್ರಶ್ನೆಯೇ "ದಿನಕ್ಕೆ ಎಷ್ಟು ಬಾಟಲಿ?" ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 7.8. ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ 11ಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ ಅಂತ ಲೆಕ್ಕ. ರಕ್ತ ಆಗಲು ಬೇಕಾದ ಕಬ್ಬಿಣದ ಅಂಶ ಹಾಲಿನಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಸಾಲದ್ದಕ್ಕೆ ಅದರ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡಲ್ಲ. ಹೊಟ್ಟೆ ತುಂಬಿರುವುದರಿಂದ ಊಟವೂ ಸೇರಲ್ಲ. ಮಗು ಊಟ ಮಾಡಲ್ಲ ಅಂತ ಹಾಲು ಕೊಡುತ್ತೇವೆ, ಹಾಲು ಕುಡಿದು ಊಟ ಬಿಡುತ್ತದೆ. ಒಂದರಿಂದ ಎರಡು ವರ್ಷದವರೆಗೆ ದಿನಕ್ಕೆ 400, ಜಾಸ್ತಿ ಅಂದರೆ 500 ಮಿಲಿ ಸಾಕು ಅಂದರು. ನನ್ನವಳು ಅದರ ಎರಡೂವರೆ ಪಟ್ಟು ಕುಡಿಯುತ್ತಿದ್ದಳು. ನಿಮ್ಮ ಆರು ಬಾಟಲಿ ಒಂದೊಂದು 200 ಅಂದರೂ 1200 ಆಯಿತು.

ಹಾಗಾಗಿ ನಾಳೆ ಮೊದಲು ಒಂದು ಸಿಬಿಸಿ, ಅಂದರೆ ರಕ್ತಕಣಗಳ ಲೆಕ್ಕದ ಪರೀಕ್ಷೆ, ಮಾಡಿಸಿ. ಪೌಡರ್ ಆಮೇಲೆ. ನಿಮ್ಮದೊಬ್ಬರದೇ ಕಥೆ ಅಂದುಕೊಳ್ಳಬೇಡಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತ ಕಡಿಮೆ ಇತ್ತು.

ಈಗ ಬಾಟಲಿ ಬಿಡಿಸುವ ವಿಷಯ. ಇದರಲ್ಲಿ ಎರಡು ಸಲ ಸೋತು ಮೂರನೇ ಸಲ ಗೆದ್ದವನು ನಾನು. ಮೊದಲ ಸಲ ದಿನಾ ಸ್ವಲ್ಪ ಸ್ವಲ್ಪ ನೀರು ಬೆರೆಸಿದೆ. ಅವಳು ಆ ನೀರು ಹಾಲನ್ನೇ ಎಂಟು ಬಾಟಲಿ ಕುಡಿದಳು. ಎರಡನೇ ಸಲ ಎಲ್ಲ ಬಾಟಲಿ ಅಟ್ಟದ ಮೇಲಿಟ್ಟೆ. ಮೂರನೇ ರಾತ್ರಿ ನಮ್ಮಮ್ಮ ಸ್ಟೂಲ್ ಹತ್ತಿ ಇಳಿಸಿಕೊಟ್ಟರು. "ಮಗು ಗಂಟಲು ಕಟ್ಟೋ ಹಂಗೆ ಅಳ್ತಿದೆ, ನೀನೇನ್ ಕಟುಕನಾ?" ಅಂದರು. ಅಲ್ಲಿಗೆ ಮುಗಿಯಿತು. ಆ ಮೂರು ರಾತ್ರಿಯಲ್ಲಿ ಅವಳು ಕಲಿತದ್ದು ಒಂದೇ, ಇನ್ನೂ ಜೋರಾಗಿ ಅಳಬೇಕು ಅಂತ. ಅದಕ್ಕೇ ಮೊದಲು ಮನೆಯ ಹಿರಿಯರನ್ನು ಕೂರಿಸಿ ರಿಪೋರ್ಟ್ ತೋರಿಸಿ. ನಮ್ಮಮ್ಮನಿಗೆ 7.8 ಅಂದರೆ ಏನು ಅಂತ ಡಾಕ್ಟರೇ ಹೇಳಿದ ಮೇಲೆ ಅವರೇ ನನಗಿಂತ ಕಟ್ಟುನಿಟ್ಟಾದರು.

ಮೂರನೇ ಸಲ ಹೀಗೆ ಮಾಡಿದೆ. ಹಗಲಿನ ಬಾಟಲಿ ಮೊದಲು, ರಾತ್ರಿಯದು ಕೊನೆಗೆ. ಮಧ್ಯಾಹ್ನದ ಬಾಟಲಿ ಎರಡು ದಿನ ನಿಲ್ಲಿಸಿ, ಅದೇ ಹೊತ್ತಿಗೆ ನನ್ನ ತಟ್ಟೆ ಮುಂದೆಯೇ ಕೂರಿಸಿದೆ. ಆಮೇಲೆ ಹನ್ನೊಂದು ಗಂಟೆಯದು, ಆಮೇಲೆ ಸಂಜೆಯದು. ಹಾಲು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಎರಡೂ ಸ್ಟೀಲ್ ಲೋಟದಲ್ಲಿ. ದೇವರ ಮನೆಯ ತೀರ್ಥದ ಲೋಟದಷ್ಟು ಚಿಕ್ಕದು. ಅರ್ಧ ತುಂಬಿ ಅವಳ ಕೈಗೇ ಕೊಡುತ್ತಿದ್ದೆ. ಮೊದಲ ವಾರ ಅರ್ಧ ಕತ್ತಿಗೆ, ಅರ್ಧ ನೆಲಕ್ಕೆ. ಹಳೇ ಟವೆಲ್ ಕುತ್ತಿಗೆಗೆ ಕಟ್ಟಿ ಸುಮ್ನೆ ಕೂರಬೇಕು. ಬೈಯಬಾರದು. ಮೂತಿ ಇರುವ ಸಿಪ್ಪರ್ ತಗೋಬೇಡಿ, ಅದು ಬಾಟಲಿಯ ತಮ್ಮ. ನಾನು ದುಬಾರಿಯದೇ ಒಂದು ತಂದಿದ್ದೆ. ಒಂದು ತಿಂಗಳ ಮೇಲೆ ಒಳಗಿನ ರಬ್ಬರ್ ಬಿಚ್ಚಿದರೆ ಕಪ್ಪು ಬೂಷ್ಟು.

ರಾತ್ರಿಯದು ಕಷ್ಟ. ನಾಲ್ಕನೇ ರಾತ್ರಿ ಎರಡು ಗಂಟೆಯಿಂದ ಮೂರೂಕಾಲರವರೆಗೆ ಅತ್ತಳು. ಲೋಟದಲ್ಲಿ ನೀರು ಕೊಟ್ಟೆ, ಎಸೆದಳು. ಎತ್ತಿಕೊಂಡು ಹೊರಗೆ ಬಂದು ಬೀದಿ ದೀಪ ತೋರಿಸಿ, "ಬಾಟಲಿ ಕಾಗೆ ಎತ್ಕೊಂಡು ಹೋಯ್ತು" ಅಂತ ಹೇಳಿದೆ. ರಾತ್ರಿಯಲ್ಲಿ ಕಾಗೆ ಎಲ್ಲಿಂದ ಬರುತ್ತೆ, ನನಗೂ ಗೊತ್ತಿಲ್ಲ. ಅವಳು ಮಾತ್ರ ಮರುದಿನದಿಂದ ಯಾವ ಕಾಗೆ ಕಂಡರೂ ಬೆರಳು ತೋರಿಸಿ ಬೈಯುತ್ತಿದ್ದಳು. ಒಟ್ಟು ಒಂಬತ್ತು ದಿನ. ಹತ್ತನೇ ದಿನ ತಾನಾಗಿಯೇ ನನ್ನ ತಟ್ಟೆಗೆ ಕೈ ಹಾಕಿದಳು. ಮಲಗಿಸಿ ಬಾಯಿಗೆ ಬಾಟಲಿ ಇಟ್ಟರೆ ಮುಂದಿನ ಹಲ್ಲು ಹುಳುಕಾಗುತ್ತೆ, ಅದು ಬೇರೆ. ಟಿವಿಯಲ್ಲಿ ಬಾಟಲಿ ಜಾಹೀರಾತು ಎಂದಾದರೂ ನೋಡಿದ್ದೀರಾ? ನಮ್ಮ ದೇಶದಲ್ಲಿ 1992ರ ಕಾನೂನಿನ ಪ್ರಕಾರ ಹಾಲು ಬಾಟಲಿಗೆ ಜಾಹೀರಾತು ಕೊಡುವ ಹಾಗೇ ಇಲ್ಲ.

ಒಂದು ಎಚ್ಚರಿಕೆ. ನಾನು ಹೇಳಿದ್ದು ಹಸುವಿನ ಹಾಲು, ಬಾಟಲಿ ಹಾಲಿನ ವಿಷಯ. ಎದೆಹಾಲು ಕೊಡುತ್ತಿದ್ದರೆ ನಿಲ್ಲಿಸಬೇಡಿ, ಎರಡು ವರ್ಷ ದಾಟಿದರೂ ಕೊಡಬಹುದು. ಮಗುವಿಗೆ ಜ್ವರ, ಭೇದಿ ಇರುವ ವಾರದಲ್ಲಿ ಬಾಟಲಿ ಬಿಡಿಸಲು ಹೋಗಬೇಡಿ. ತೂಕ ತೀರಾ ಕಡಿಮೆ ಇದ್ದರೆ ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ.

ಕಬ್ಬಿಣದ ಡ್ರಾಪ್ಸ್ ಬರೆದುಕೊಟ್ಟರೆ ಹಾಲಿನ ಜೊತೆ ಕೊಡಬೇಡಿ, ಸರಿಯಾಗಿ ಮೈಗೆ ಹತ್ತಲ್ಲ. ಎರಡು ಊಟದ ಮಧ್ಯೆ, ಮೋಸಂಬಿ ರಸವೋ ನಿಂಬೆ ನೀರೋ ಜೊತೆಗೆ. ನಾಲಗೆಯ ಹಿಂದಕ್ಕೆ ಬಿಡಿ, ಆಮೇಲೆ ಬಾಯಿ ಒರೆಸಿ, ಇಲ್ಲದಿದ್ದರೆ ಹಲ್ಲು ಕಪ್ಪಾಗುತ್ತೆ. ಕಕ್ಕವೂ ಕಪ್ಪಾಗುತ್ತೆ, ನಾನು ಡೈಪರ್ ಸಮೇತ ಆಸ್ಪತ್ರೆಗೆ ಓಡಿದ್ದೆ, ನರ್ಸು ನಕ್ಕರು. ನಂಬರ್ ಸರಿಹೋಯಿತು ಅಂತ ನಿಲ್ಲಿಸಬೇಡಿ, ಮೈಯಲ್ಲಿ ದಾಸ್ತಾನು ತುಂಬುವವರೆಗೆ ಇನ್ನೂ ಎರಡು ಮೂರು ತಿಂಗಳು ಕೊಡಿಸುತ್ತಾರೆ. ಔಷಧಿಯ ಬಾಟಲಿ ಮಾತ್ರ ಮಗುವಿನ ಕೈಗೆ ಸಿಗದ ಕಡೆ ಇಡಿ. ಸಿಹಿ ಅಂತ ಪೂರ್ತಿ ಕುಡಿದುಬಿಟ್ಟರೆ ಜೀವಕ್ಕೇ ಅಪಾಯ. ಆಶಾ ಕಾರ್ಯಕರ್ತೆಯರು ಕೊಡುವ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ. ಅದು ರಕ್ತಹೀನತೆ ಬಾರದಂತೆ ತಡೆಯಲು. ಬಂದ ಮೇಲೆ ಅಷ್ಟು ಸಾಲದು, ಡೋಸ್ ಡಾಕ್ಟರೇ ಹೇಳಬೇಕು. ಜಂತುಹುಳುವಿನ ಔಷಧಿ ವರ್ಷ ತುಂಬಿದ ಮೇಲೆ ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಕೊಡುತ್ತಾರೆ, ತಪ್ಪಿಸಬೇಡಿ. ನಾವು ತಪ್ಪಿಸಿದ್ದೆವು.

ಇನ್ನು ಪೌಡರ್. ನಾನು ತಂದ ಡಬ್ಬ ಚಾಕೊಲೇಟ್ ರುಚಿಯದು. ಫಲ ಏನು? ಹಾಲು ಇನ್ನೂ ರುಚಿಯಾಗಿ ಇನ್ನೊಂದು ಬಾಟಲಿ ಜಾಸ್ತಿ ಕುಡಿದಳು. ಡಬ್ಬ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆಯೋ ಮಾಲ್ಟೋಡೆಕ್ಸ್‌ಟ್ರಿನ್ನೋ (ಪಿಷ್ಟದಿಂದ ಮಾಡಿದ, ಸಕ್ಕರೆಯಂತೆ ಬೇಗ ರಕ್ತಕ್ಕೆ ಸೇರುವ ಪುಡಿ) ಇದ್ದರೆ ಕೆಳಗಿಡಿ. ಎರಡು ವರ್ಷದವರೆಗೆ ಮೇಲೆ ಹಾಕುವ ಸಕ್ಕರೆಯೇ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಿರಿ ಅಂದಿದೆ. ಆ ನಲವತ್ತು ಜನ ಇನ್ನೂ ಹೆಲ್ತ್ ಡ್ರಿಂಕ್ ಅಂತಲೇ ಬರೆಯುತ್ತಿದ್ದಾರೆ.

"ರಾಗಿ ಸರಿ ಕೊಡಿ, ಎಲ್ಲ ಸರಿಹೋಗುತ್ತೆ" ಅಂದವರಿಗೂ ಒಂದು ಮಾತು. ನಾನು ರಾಗಿ ಪಕ್ಷದವನೇ. ಆದರೆ ರಾಗಿಯ ದೊಡ್ಡಸ್ತಿಕೆ ಕ್ಯಾಲ್ಸಿಯಂ, 100 ಗ್ರಾಮಿಗೆ 340 ಮಿಲಿಗ್ರಾಮಿನ ಮೇಲೆ. ಕಬ್ಬಿಣ ಅಷ್ಟೇನಿಲ್ಲ, ಇರುವುದೂ ಸುಲಭವಾಗಿ ಮೈಗೆ ಹತ್ತಲ್ಲ. ಮೊಳಕೆ ಕಟ್ಟಿದರೆ ಪರವಾಗಿಲ್ಲ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು ಮಿಲ್ಲಿಗೆ ಕೊಡಿ. ಮಿಲ್ಲಿನಲ್ಲಿ ಮೆಣಸಿನಕಾಯಿ ಬೀಸಿದ ಮೇಲೆ ಮಾತ್ರ ಬೇಡ! ವಸ್ತ್ರಗಾಳಿತ ಮಾಡುವುದೆಲ್ಲ ಆರು ತಿಂಗಳ ಮಗುವಿಗೆ, ನಿಮ್ಮ ಮಗನಿಗೆ ಹಲ್ಲಿದೆ, ಅಗಿಯಲಿ. ಕೆಲವರು ನಿಪ್ಪಲ್ ತೂತು ಕಾದ ಸೂಜಿಯಲ್ಲಿ ದೊಡ್ಡದು ಮಾಡಿ ಸರಿಯನ್ನೂ ಬಾಟಲಿಯಲ್ಲೇ ಕುಡಿಸುತ್ತಾರೆ. ದಯವಿಟ್ಟು ಮಾಡಬೇಡಿ. ಹಾಗೆ ಕುಡಿಸಿದರೆ ಅಗಿಯುವುದನ್ನು ಕಲಿಯುವುದು ಯಾವಾಗ?

ನಮ್ಮಲ್ಲಿ ಗೆದ್ದದ್ದು ಮೆತ್ತನೆ ಮುದ್ದೆ, ಮಸ್ಸೊಪ್ಪು, ಮೇಲೆ ಒಂದು ಚಮಚ ತುಪ್ಪ, ನಾಲ್ಕು ಹನಿ ನಿಂಬೆ. ನಿಂಬೆ ಮರೆಯಬೇಡಿ, ಸೊಪ್ಪು ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುವುದು ಆ ಹುಳಿಯಿಂದ. ನಾವು ಮಾಂಸ ತಿನ್ನುವವರು, ಹಾಗಾಗಿ ವಾರಕ್ಕೊಮ್ಮೆ ಚೂರು ಮಟನ್ ಲಿವರ್ ನುಣ್ಣಗೆ ಕಿವುಚಿ ಅನ್ನಕ್ಕೆ. ತಿನ್ನದವರಿಗೆ ಹೆಸರುಕಾಳು, ಅಲಸಂದೆ, ನುಗ್ಗೆಸೊಪ್ಪು. ಟೀ ಅದ್ದಿದ ಬಿಸ್ಕೆಟ್ ಕೊಡುವ ತಾತಂದಿರಿಗೆ ಕೈಮುಗಿದು ಹೇಳಿ, ಟೀ ಕೂಡ ಕಬ್ಬಿಣ ಹತ್ತಲು ಬಿಡಲ್ಲ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಮೊಬೈಲ್ ತೋರಿಸಿ ತಿನ್ನಿಸುವುದು ನಾನೂ ಮಾಡಿದ್ದೇನೆ. ಫೋನ್ ಇದ್ದಾಗ ಬಾಯಿ ತೆರೆಯುತ್ತಾರೆ, ಹೊಟ್ಟೆ ತುಂಬಿತೋ ಇಲ್ಲವೋ ಅವರಿಗೇ ಗೊತ್ತಾಗಲ್ಲ. ಹಾಲು ಕಡಿಮೆಯಾದ ಮೇಲೆ ಮಲಬದ್ಧತೆಯೂ ಹೋಯಿತು, ಅದಕ್ಕೂ ಮೊದಲು ಸಿರಪ್ಪಿಗೆ ಎಷ್ಟು ಸುರಿದಿದ್ದೆನೋ.

ವಾಕರ್? ಬೇಡ. ಯಾವ ಕಂಪನಿಯದೂ ಬೇಡ. ಕೆನಡಾದಲ್ಲಿ 2004ರಿಂದ ಮಾರುವುದೇ ನಿಷೇಧ. ನನ್ನ ಮಗಳು ಅದರಲ್ಲಿ ಅಂಗಡಿ ಮೆಟ್ಟಿಲಿಗೆ ನುಗ್ಗಿದಾಗ ಆಧಾರ್ ಕಾರ್ಡ್ ಜೆರಾಕ್ಸ್‌ಗೆ ಬಂದ ಅಜ್ಜ ಕಾಲು ಅಡ್ಡ ಕೊಟ್ಟಿದ್ದಕ್ಕೆ ಉಳಿದಳು. ಅಜ್ಜನ ಪಾದ ಊದಿತ್ತು. ವಾಕರ್‌ನಿಂದ ನಡಿಗೆ ಬೇಗ ಬರುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹದಿನೇಳೂವರೆ ತಿಂಗಳವರೆಗೂ ನಡೆಯಲು ಸಮಯವಿದೆ. ಹದಿನೆಂಟು ತುಂಬಿದರೂ ನಡೆಯದಿದ್ದರೆ ತೋರಿಸಿ. ಅಲ್ಲಿಯವರೆಗೆ ಬರಿಗಾಲು, ಗೋಡೆ, ತಳ್ಳಲು ಒಂದು ಪ್ಲಾಸ್ಟಿಕ್ ಸ್ಟೂಲ್. ಕೊಳ್ಳಲೇಬೇಕು ಅಂದರೆ ಮೂರು ಚಕ್ರದ ಮರದ ತಳ್ಳುಗಾಡಿ. ಅಂಗಡಿ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರಿಂದ ಕಡ್ಡಾಯ. ಚನ್ನಪಟ್ಟಣದವರಂಥ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ಅವರ ಗಾಡಿಯ ಮೇಲೆ ಗುರುತಿಲ್ಲ ಅಂತ ಗಾಬರಿ ಬೇಡ. ಬೆಳಕು ಬರುವ ಆಟಿಕೆಯ ಬಟನ್ ಸೆಲ್ (ಗುಂಡಿಯಂಥ ಚಿಕ್ಕ ಬ್ಯಾಟರಿ) ಸ್ಕ್ರೂ ಹಾಕಿ ಮುಚ್ಚಿದೆಯೋ ನೋಡಿ. ಅದು ನುಂಗಿ ಗಂಟಲಲ್ಲಿ ನಿಂತರೆ ಎರಡು ಗಂಟೆಯಲ್ಲೇ ಸುಡಲು ಶುರುಮಾಡುತ್ತೆ, ಕಾಯಬೇಡಿ, ಸೀದಾ ದೊಡ್ಡಾಸ್ಪತ್ರೆಗೆ.

ಕಾಮೆಂಟಿನಲ್ಲಿ ಒಬ್ಬರು ಡೈಪರ್ ಕೇಳಿದ್ದಾರೆ. ಪ್ಯಾಂಪರ್ಸ್, ಹಗ್ಗೀಸ್, ಮಾಮಿಪೋಕೋ ಮೂರೂ ಬಳಸಿದ್ದೇನೆ, ಮೂರೂ ನಡೆಯುತ್ತವೆ. ದದ್ದು ಬರುವುದು ಕಂಪನಿಯಿಂದಲ್ಲ, ನಾವು ಬದಲಿಸದ್ದರಿಂದ. ಹಗಲು ಎರಡು ಗಂಟೆ ಬರಿಮೈಯಲ್ಲಿ ಬಿಡಿ, ಕೊಬ್ಬರಿ ಎಣ್ಣೆ ಹಚ್ಚಿ. ಟಾಲ್ಕಂ ಪೌಡರ್ ಬೇಡ, ಮೂಗಿಗೆ ಹೋಗುತ್ತೆ. ಕೊಬ್ಬರಿ ಎಣ್ಣೆ ಅಂದದ್ದು ತಿಪಟೂರಿನವನು ಅಂತಲ್ಲ, ಅಥವಾ ಅದಕ್ಕೂ ಇರಬಹುದು.

ನಾಲ್ಕು ತಿಂಗಳ ಮೇಲೆ ಮಗಳ ಹಿಮೋಗ್ಲೋಬಿನ್ 11.4ಕ್ಕೆ ಬಂತು. ಪೇಪರ್ ತಿನ್ನುವುದು ಅದಕ್ಕೂ ಮೊದಲೇ, ಡ್ರಾಪ್ಸ್ ಶುರುವಾದ ಕೆಲವೇ ವಾರದಲ್ಲಿ ನಿಂತಿತ್ತು. ನಿಮ್ಮ ಮಗನ ರಿಪೋರ್ಟ್ ಬಂದ ಮೇಲೆ ನಂಬರ್ ಇಲ್ಲೇ ಹಾಕಿ. ನಿಮ್ಮ ಮಗಳ ಮರದ ಗಾಡಿ ಮಾರುತ್ತೀರಾ ಅಂತ ಇನ್‌ಬಾಕ್ಸಿನಲ್ಲಿ ಕೇಳುತ್ತಿರುವವರಿಗೆ: ಇಲ್ಲ, ಅದನ್ನು ಈಗ ಎದುರುಮನೆ ಮಗು ತಳ್ಳುತ್ತಿದೆ, ಆಮೇಲೆ ನನ್ನ ತಂಗಿಯ ಮಗನ ಸರದಿ.